ಲೇಸರ್ ಟೆಕ್ಸ್ಚರಿಂಗ್, ಹೋನಿಂಗ್, ಬ್ಲಾಸ್ಟಿಂಗ್, ಎಚಿಂಗ್: ಯಾವ ಮೇಲ್ಮೈಗೆ ಯಾವುದು ತಕ್ಕದ್ದು?

ಪುಣೆ ಬಳಿಯ ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಪಂಪುಗಳ ಬಿಡಿಭಾಗ ತಯಾರಿಸುವ, ಮೂಲತಃ ಜಮಖಂಡಿ ಕಡೆಯವರಾದ ಉದ್ಯಮಿಯೊಬ್ಬರು ಕಳೆದ ಮಳೆಗಾಲದಲ್ಲಿ ಒಂದು ಶಾಫ್ಟ್ ಸ್ಲೀವನ್ನು (ತಿರುಗುವ ಶಾಫ್ಟಿನ ಮೇಲೆ ಕೂರುವ ಕೊಳವೆ) ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟರು. ಅದರ ಮೈಮೇಲೆ ಸಾಲುಸಾಲಾಗಿ, ರಂಗೋಲಿಯ ಚುಕ್ಕಿಗಳಷ್ಟು ಅಚ್ಚುಕಟ್ಟಾಗಿ, ಲೇಸರಿನಿಂದ ಕೊರೆದ ಸಣ್ಣ ಗುಳಿಗಳಿದ್ದವು. “ಇಷ್ಟು ಛಂದ ಕಾಣ್ತದ್ರಿ ಸರ್, ಆದ್ರ ವಾರದಾಗ ಸೀಲ್ ತಿಂದ್ ಹಾಕ್ತದ. ಯಾಕ?” ಎಂದು ಕೇಳಿದರು. ಉಗುರಿನಿಂದ ಮೆಲ್ಲಗೆ ಗೀರಿ ನೋಡಿದೆ; ತುರಿಮಣೆಯ ಮೇಲೆ ಕೈಯಾಡಿಸಿದಂತಿತ್ತು. ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಕಾರಣ ಕಂಡಿತು. ಇರುವೆಗೂಡಿನ ಬಾಯಿಯ ಸುತ್ತ ಮಣ್ಣು ಏರಿಕೊಂಡಿರುವಂತೆ, ಪ್ರತಿ ಗುಳಿಯ ಸುತ್ತಲೂ ಕರಗಿ ಹೊರಚೆಲ್ಲಿ ಗಟ್ಟಿಯಾದ ಉಕ್ಕಿನ ದಂಡೆ ನಿಂತಿತ್ತು. ಮೂರು ನಾಲ್ಕು ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಎತ್ತರದ ಆ ದಂಡೆಗಳು ಶಾಫ್ಟ್ ತಿರುಗಿದಂತೆಲ್ಲ ಸೋರಿಕೆ ತಡೆಯುವ ರಬ್ಬರ್ ಸೀಲಿನ ತುಟಿಯನ್ನು ಹೆರೆಯುತ್ತಿದ್ದವು.

ಪುಣೆ, ಪಿಂಪ್ರಿ-ಚಿಂಚವಡ, ಚಾಕಣ ಭಾಗದಲ್ಲಿ ಕಾರ್ಖಾನೆ ನಡೆಸುವ ಅಥವಾ ಟೂಲ್ ರೂಮ್ ನೋಡಿಕೊಳ್ಳುವ ನಮ್ಮವರು, ಲೇಸರಿನಿಂದ ಮೇಲ್ಮೈಗೆ ಗುಳಿ, ಗೆರೆ ಕೊರೆಯುವ ಈ ಟೆಕ್ಸ್ಚರಿಂಗ್ ವಿಷಯದಲ್ಲಿ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ “ಎಷ್ಟು ವ್ಯಾಟಿನ ಲೇಸರ್ ತೆಗೆದುಕೊಳ್ಳಲಿ?” ಎಂಬುದಾಗಿರುತ್ತದೆ. ಅದು ಮೂರನೆಯದೋ ನಾಲ್ಕನೆಯದೋ ಆಗಬೇಕಾದ ಪ್ರಶ್ನೆ. ಆ ಮೇಲ್ಮೈ ಮಾಡಬೇಕಾದ ಕೆಲಸ ಯಾವುದು, ಆ ಕೆಲಸವನ್ನು ಅದು ಎಷ್ಟು ದಿನ ಮಾಡುತ್ತಿರಬೇಕು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ, ಯಂತ್ರದ ಆಯ್ಕೆ ಬಹುಪಾಲು ತಾನಾಗಿಯೇ ಇತ್ಯರ್ಥವಾಗುತ್ತದೆ. ನನ್ನ ಬಳಿಗೆ ಬರುವ ಜಾಬುಗಳಲ್ಲಿ ಹೆಚ್ಚಿನವಕ್ಕೆ ಕಲ್ಲಿನಿಂದ ಉಜ್ಜುವ ಹೋನಿಂಗ್, ಕಣಗಳನ್ನು ಚಿಮ್ಮಿಸುವ ಬ್ಲಾಸ್ಟಿಂಗ್, ಆಮ್ಲದಿಂದ ತಿನ್ನಿಸುವ ಎಚಿಂಗ್‌ನಂಥ ಹಳೆಯ ವಿಧಾನಗಳೇ ಸಾಕು. ಗುಳಿ ಇದೇ ಜಾಗದಲ್ಲಿರಬೇಕು, ಆಳ ಇಷ್ಟೇ ಇರಬೇಕು, ಸಾವಿರನೆಯ ಜಾಬಿನಲ್ಲೂ ಹಾಗೆಯೇ ಬರಬೇಕು ಎಂಬ ಮೂರು ಷರತ್ತುಗಳೂ ಒಟ್ಟಿಗೆ ಇರುವಲ್ಲಿ ಲೇಸರಿಗೆ ಎದುರಾಳಿಯಿಲ್ಲ. ಬರೀ ಒರಟುತನ ಸಾಕೆಂದಾದರೆ ಅದಕ್ಕೆ ಹಣ ಸುರಿಯುವುದು ವ್ಯರ್ಥ.

ಎಣ್ಣೆ ಹಿಡಿಯಬೇಕಾದ ಮೇಲ್ಮೈ

ಪಿಸ್ಟನ್ ಓಡಾಡುವ ಎಂಜಿನ್ ಲೈನರುಗಳ ಒಳಮೈಗೆ ಪ್ಲ್ಯಾಟೊ ಹೋನಿಂಗ್ ಮಾಡುವುದು ಈ ಊರಿನ ವರ್ಕ್‌ಶಾಪುಗಳಿಗೆ ಕರತಲಾಮಲಕ. ಹೋನಿಂಗ್ ಕಲ್ಲುಗಳು ಒಂದನ್ನೊಂದು ಕತ್ತರಿಸುವ ಓರೆ ಗೆರೆಗಳನ್ನು, ಸಾಮಾನ್ಯವಾಗಿ 40ರಿಂದ 60 ಡಿಗ್ರಿ ಕೋನದಲ್ಲಿ, ಎಳೆಯುತ್ತವೆ. ಬಳಿಕ ನಯವಾದ ಕಲ್ಲುಗಳಿಂದ ಶಿಖರಗಳನ್ನಷ್ಟೇ ಸವರಿ, ಎಣ್ಣೆ ನಿಲ್ಲಲು ಕಣಿವೆಗಳನ್ನು ಉಳಿಸಿಕೊಳ್ಳಲಾಗುತ್ತದೆ. ಅಗ್ಗದ, ವೇಗದ, ಪಳಗಿದ ವಿಧಾನ. ಆದರೆ ಆ ಗೆರೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿರುವುದರಿಂದ ಪಿಸ್ಟನ್ ರಿಂಗಿನ ಒತ್ತಡ ಬಿದ್ದಾಗ ಎಣ್ಣೆ ಗೆರೆಯುದ್ದಕ್ಕೂ ಹರಿದು ಪಾರಾಗುತ್ತದೆ. ಲೇಸರಿನಿಂದ ಕೊರೆದ ಗುಳಿಗೆ ನಾಲ್ಕೂ ಕಡೆ ಗೋಡೆಯಿರುವುದರಿಂದ ಎಣ್ಣೆ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ, ಎದುರಿನ ಮೇಲ್ಮೈ ಜಾರಿದಾಗ ಗುಳಿಯ ಒಂದು ಅಂಚಿನಲ್ಲಿ ಒತ್ತಡ ಏರಿ ಎರಡೂ ಮೈಗಳನ್ನು ಕೊಂಚ ಎತ್ತಿ ಹಿಡಿಯುತ್ತದೆ. ಇದನ್ನು ಲೆಕ್ಕಾಚಾರದ ಮಟ್ಟಕ್ಕೆ ತಂದವರಲ್ಲಿ ಇಸ್ರೇಲಿನ ಟೆಕ್ನಿಯನ್ ಸಂಸ್ಥೆಯ ಇಝಾಕ್ ಎಟ್ಸಿಯಾನ್ ಪ್ರಮುಖರು. 1990ರ ದಶಕದಲ್ಲಿ ಅವರು ಮೆಕ್ಯಾನಿಕಲ್ ಸೀಲುಗಳ ಮುಖಗಳ ಮೇಲೆ ಈ ಕೆಲಸ ಆರಂಭಿಸಿದರು.

ಬಳಕೆಯಲ್ಲಿರುವ ಅಳತೆಗಳು ಹೀಗಿವೆ: ಗುಳಿಯ ವ್ಯಾಸ ಸುಮಾರು 100 ಮೈಕ್ರಾನ್, ಆಳ 5ರಿಂದ 10 ಮೈಕ್ರಾನ್, ಒಟ್ಟು ಮೇಲ್ಮೈಯಲ್ಲಿ ಗುಳಿಗಳು ಆವರಿಸುವ ಪಾಲು ಶೇಕಡ 10ರಿಂದ 20. ಎಂದರೆ ಗುಳಿಯು ಬಾವಿಯಂತಿರದೆ ತಟ್ಟೆಯಂತಿರುತ್ತದೆ. ಇನ್ನೂ ಆಳ ಕೊರೆದರೆ ಎಣ್ಣೆ ಹೆಚ್ಚು ನಿಂತೀತೆಂಬ ಎಣಿಕೆ ತಪ್ಪು; ಆಳ ಹೆಚ್ಚಾದಂತೆ ಎತ್ತಿ ಹಿಡಿಯುವ ಒತ್ತಡವೇ ಕುಸಿಯುತ್ತದೆ.

ಬೆಲೆ ಕೇಳುವ ಮುನ್ನ ಒಂದು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಶೇಕಡ 10ರ ಸಾಂದ್ರತೆಯಲ್ಲಿ 100 ಮೈಕ್ರಾನ್ ಗುಳಿಗಳ ನಡುವಿನ ಅಂತರ ಸುಮಾರು 280 ಮೈಕ್ರಾನ್ ಆಗುತ್ತದೆ, ಒಂದು ಚದರ ಸೆಂಟಿಮೀಟರಿನಲ್ಲಿ ಸುಮಾರು 1,270 ಗುಳಿಗಳು ಬರುತ್ತವೆ. 80 ಮಿಲಿಮೀಟರ್ ಒಳವ್ಯಾಸದ, 120 ಮಿಲಿಮೀಟರ್ ಉದ್ದದ ಲೈನರಿನ ಒಳಮೈ ಸುಮಾರು 300 ಚದರ ಸೆಂಟಿಮೀಟರ್. ಅದನ್ನು ಪೂರ್ತಿ ತುಂಬಲು 3.8 ಲಕ್ಷ ಗುಳಿಗಳು ಬೇಕು. ಗುಳಿಗೆ 10 ಪಲ್ಸ್‌ನಂತೆ (ಪಲ್ಸ್ ಎಂದರೆ ಬೆಳಕಿನ ಒಂದು ಮಿಡಿತ), ಸೆಕೆಂಡಿಗೆ 50,000 ಪಲ್ಸ್ ಕೊಡುವ ಯಂತ್ರದಲ್ಲಿ ಬರೀ ಪಲ್ಸುಗಳಿಗೇ 76 ಸೆಕೆಂಡುಗಳು. ಕಿರಣವನ್ನು ಗುಳಿಯಿಂದ ಗುಳಿಗೆ ಒಯ್ಯುವ, ಲೈನರಿನ ಒಳಗೆ ಕನ್ನಡಿ ಇಳಿಸುವ, ಜಾಬನ್ನು ತಿರುಗಿಸುವ ಸಮಯ ಬೇರೆ. ಆದಕಾರಣ ಇಡೀ ಲೈನರನ್ನು ಕೊರೆಯುವ ಗೋಜಿಗೆ ಹೋಗದೆ, ಪಿಸ್ಟನ್ ದಿಕ್ಕು ಬದಲಿಸುವಾಗ ರಿಂಗಿನ ವೇಗ ಸೊನ್ನೆಗಿಳಿದು ಎಣ್ಣೆಯ ಪದರ ತೀರ ತೆಳುವಾಗುವ ಮೇಲ್ತುದಿಯ ಪಟ್ಟಿಯನ್ನಷ್ಟೇ ಲೇಸರಿಗೆ ಒಪ್ಪಿಸಿ, ಉಳಿದುದನ್ನು ಹೋನಿಂಗಿಗೆ ಬಿಡುವುದು ಜಾಣತನ.

ಎಲ್ಲಿ ಗುಳಿ ಬೇಡ ಎಂಬುದನ್ನೂ ಹೇಳಬೇಕು. ಎರಡು ಸಮತಟ್ಟಾದ ಮೈಗಳು, ಅಥವಾ ಶಾಫ್ಟು ಬುಶ್ಶುಗಳಂತೆ ಒಂದಕ್ಕೊಂದು ಹೊಂದಿಕೊಂಡ ಮೈಗಳು, ಜಾರುವಲ್ಲಿ ಮಾತ್ರ ಇದರ ಲಾಭ. ಗೇರಿನ ಹಲ್ಲು, ಬೇರಿಂಗಿನ ಗುಂಡು ಮೊದಲಾದವುಗಳಲ್ಲಿ ಸ್ಪರ್ಶವು ಕೂದಲೆಳೆಯಷ್ಟು ಜಾಗದಲ್ಲಿ ನಡೆಯುವುದರಿಂದ ದೊಡ್ಡ ಗುಳಿ ಅಲ್ಲಿ ಎಣ್ಣೆಯ ಪದರವನ್ನೇ ಹರಿದುಹಾಕಬಹುದು, ಬಿರುಕಿಗೆ ಮೊಳಕೆಯೂ ಆಗಬಹುದು. ರಬ್ಬರ್ ತುಟಿಯ ಸೀಲಿಗಂತೂ ಆರ್‌ಎ (ಸರಾಸರಿ ಒರಟುತನದ ಅಳತೆ) 0.2ರಿಂದ 0.8 ಮೈಕ್ರಾನಿನ, ಸುರುಳಿ ಗೆರೆಯಿಲ್ಲದ ಗ್ರೈಂಡಿಂಗ್ ಮೈಯೇ ವಾಡಿಕೆ. ಜಮಖಂಡಿಯವರ ಸ್ಲೀವಿನಲ್ಲಿ ಗುಳಿಗಳಿಗೆ ಮೂಲತಃ ಕೆಲಸವೇ ಇರಲಿಲ್ಲ.

ನ್ಯಾನೋ, ಪಿಕೋ, ಫೆಮ್ಟೋ: ಯಾವ ಪಲ್ಸ್?

ಸ್ಲೀವಿನ ಮೇಲಿದ್ದ ದಂಡೆ ನ್ಯಾನೋಸೆಕೆಂಡ್ ಲೇಸರಿನ ಗುರುತು. (ನ್ಯಾನೋಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗ; ಅದರ ಸಾವಿರದ ಒಂದು ಭಾಗ ಪಿಕೋ, ಅದರದೂ ಸಾವಿರದ ಒಂದು ಭಾಗ ಫೆಮ್ಟೋ.) ಭೋಸರಿ, ತಳವಡೆಗಳ ಎಷ್ಟೋ ಶೆಡ್ಡುಗಳಲ್ಲಿ ಸೀರಿಯಲ್ ನಂಬರ್ ಬರೆಯಲು ಇಟ್ಟಿರುವ 20, 30 ಅಥವಾ 50 ವ್ಯಾಟಿನ ಫೈಬರ್ ಮಾರ್ಕಿಂಗ್ ಯಂತ್ರ ಇದೇ ಜಾತಿಯದು. ಅದರ 1,064 ನ್ಯಾನೋಮೀಟರಿನ ಆಸುಪಾಸಿನ ಕಿರಣ ಸುಮಾರು 100 ನ್ಯಾನೋಸೆಕೆಂಡಿನ ಪಲ್ಸುಗಳಾಗಿ ಬರುತ್ತದೆ, ಅಷ್ಟರೊಳಗೆ ಶಾಖವು ಉಕ್ಕಿನಲ್ಲಿ ಒಂದು ಮೈಕ್ರಾನಿನಷ್ಟೋ ತುಸು ಹೆಚ್ಚೋ ಹರಡುತ್ತದೆ. ಲೋಹ ಮೊದಲು ಕರಗಿ ಅನಂತರ ಆವಿಯಾಗುತ್ತದೆ. ಆವಿಯ ಒತ್ತಡ ಕರಗಿದ್ದನ್ನು ಅಂಚಿಗೆ ತಳ್ಳುತ್ತದೆ. ಪಲ್ಸ್ ಕೆಲವು ಪಿಕೋಸೆಕೆಂಡಿಗೆ ಇಳಿದಾಗ ಇಲೆಕ್ಟ್ರಾನುಗಳು ಹೀರಿಕೊಂಡ ಶಕ್ತಿ ಲೋಹದ ಜಾಲರಿಗೆ ದಾಟಿ ಸುತ್ತಮುತ್ತ ಹರಡುವ ಮೊದಲೇ ಪಲ್ಸ್ ಮುಗಿದಿರುತ್ತದೆ, ಆದ್ದರಿಂದ ಗುಳಿಯ ಅಂಚು ಚೊಕ್ಕಟವಾಗಿ ಉಳಿಯುತ್ತದೆ. ಇಂಥ ಪುಟ್ಟ ಪಲ್ಸುಗಳನ್ನು ಹಿಗ್ಗಿಸಿ, ಬಲಪಡಿಸಿ, ಮತ್ತೆ ಕುಗ್ಗಿಸುವ ವಿಧಾನವನ್ನು 1985ರಲ್ಲಿ ರೂಪಿಸಿದ ಡೊನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರೂ ಅವರಿಗೆ 2018ರ ಭೌತಶಾಸ್ತ್ರದ ನೊಬೆಲ್‌ನಲ್ಲಿ ಪಾಲು ದೊರೆಯಿತು.

ಹಾಗಾದರೆ ಫೆಮ್ಟೋಸೆಕೆಂಡ್ ಯಂತ್ರವನ್ನೇ ಕೊಳ್ಳಬೇಕೆ? ಸಾಮಾನ್ಯ ಉಕ್ಕಿನ ಜಾಬಿಗೆ, ನನ್ನ ಅಭಿಪ್ರಾಯದಲ್ಲಿ, ಬೇಡ. ಬೆಲೆ ಮಾರ್ಕಿಂಗ್ ಯಂತ್ರದ ಹಲವು ಪಟ್ಟು. ಜೊತೆಗೆ ಧೂಳು, ತಾಪಮಾನದ ಏರಿಳಿತ, ಪಕ್ಕದ ಪ್ರೆಸ್ಸಿನ ಅದುರಾಟ ಇವನ್ನೆಲ್ಲ ಅದು ಸಹಿಸುವುದಿಲ್ಲ. ನ್ಯಾನೋಸೆಕೆಂಡ್ ಯಂತ್ರದಲ್ಲಿ ಕಡಿಮೆ ಶಕ್ತಿಯ ಹಲವು ಪಲ್ಸುಗಳಿಂದ ಕೊರೆದು, ಕೊನೆಗೆ ಮೇಲ್ಮೈಯನ್ನು ಹಗುರವಾಗಿ ಲ್ಯಾಪಿಂಗ್ (ನುಣುಪಾದ ಪುಡಿಯಿಂದ ಸಮನಾಗಿ ತಿಕ್ಕುವುದು) ಮಾಡಿದರೆ ದಂಡೆಗಳು ಹೋಗುತ್ತವೆ. ಲ್ಯಾಪಿಂಗಿನಲ್ಲಿ ಎರಡು ಮೈಕ್ರಾನ್ ಹೋಗುವುದಾದರೆ ಗುಳಿಯನ್ನು ಮೊದಲೇ ಅಷ್ಟು ಆಳ ಹೆಚ್ಚು ಕೊರೆದುಕೊಳ್ಳಬೇಕು ಎಂಬುದೊಂದೇ ನೆನಪಿಡಬೇಕಾದದ್ದು. ಪಲ್ಸಿನ ಅವಧಿಯನ್ನು ಬದಲಿಸಲು ಬರುವ ಮೋಪಾ ಬಗೆಯ ಫೈಬರ್ ಲೇಸರ್ ಸಿಕ್ಕರೆ ಇನ್ನೂ ಲೇಸು. ಲ್ಯಾಪಿಂಗ್ ಮಾಡಲಾಗದ ವಕ್ರ ಮೈ, ತೆಳು ಪದರ, ಸೆರಾಮಿಕ್, ಗಾಜು ಇದ್ದಲ್ಲಿ ಪಿಕೋಸೆಕೆಂಡ್ ಅಥವಾ ಫೆಮ್ಟೋಸೆಕೆಂಡ್ ಹೆಚ್ಚು ಸೂಕ್ತ; ಗಾಜು 1,064 ನ್ಯಾನೋಮೀಟರಿನ ಬೆಳಕಿಗೆ ಪಾರದರ್ಶಕವಾದರೂ, ಆ ಅತಿ ತೀವ್ರತೆಯಲ್ಲಿ ಅದೂ ಹೀರಿಕೊಳ್ಳತೊಡಗುತ್ತದೆ. ತಾಮ್ರವು ಅವಕೆಂಪು ಬೆಳಕಿನ ಬಹುಭಾಗವನ್ನು ಪ್ರತಿಫಲಿಸುವುದರಿಂದ ಅದಕ್ಕೆ 532 ನ್ಯಾನೋಮೀಟರಿನ ಹಸಿರು ಲೇಸರ್ ಹೊಂದುತ್ತದೆ.

ಪುಟ್ಟ ಪಲ್ಸುಗಳಿಗೆ ಇನ್ನೊಂದು ಸೊಗಸಾದ ಗುಣವಿದೆ. ಲೋಹದ ಮೇಲೆ ಅವು ತಾವಾಗಿಯೇ, ಹೆಚ್ಚುಕಡಿಮೆ ಬೆಳಕಿನ ತರಂಗಾಂತರದಷ್ಟೇ ಅಂತರದಲ್ಲಿ, ನವಿರಾದ ಅಲೆಗೆರೆಗಳನ್ನು ಮೂಡಿಸುತ್ತವೆ, ಓರೆಯಾಗಿ ಹಿಡಿದರೆ ಆ ಉಕ್ಕು ನವಿಲುಗರಿಯಂತೆ ಬಣ್ಣ ಬದಲಿಸುತ್ತದೆ. 1965ರಲ್ಲಿ ಬರ್ನ್‌ಬಾಮ್ ಎಂಬುವರು ರೂಬಿ ಲೇಸರಿನಿಂದ ಅರೆವಾಹಕಗಳ ಮೇಲೆ ಇಂಥ ಗೆರೆಗಳನ್ನು ಮೊದಲು ಗುರುತಿಸಿದ್ದರು. ಮಾರಾಟದವರು ತೋರಿಸುವ ಮಾದರಿಗಳಲ್ಲಿ ಹೆಚ್ಚಾಗಿ ಇದೇ ಇರುತ್ತದೆ. ಬಣ್ಣಕ್ಕೆ ಮರುಳಾಗಿ ಯಂತ್ರ ಕೊಂಡವರೂ ಉಂಟು.

ನೀರು ನಿಲ್ಲಬಾರದ ಮೇಲ್ಮೈ

ತಾವರೆ ಎಲೆಯ ಮೇಲಿನ ನೀರು ನಮಗೆ ಗಾದೆಯಷ್ಟು ಹಳೆಯದು; ತಾವರೆ ಸಿಗದಿದ್ದರೆ ಮಳೆಗಾಲದಲ್ಲಿ ಪುಣೆಯ ಮಂಡಈ ಮಾರುಕಟ್ಟೆಯಿಂದ ಕೆಸುವಿನ ಎಲೆ ತಂದು, ಪತ್ರೊಡೆ ಮಾಡುವ ಮೊದಲು ಅದರ ಮೇಲೆ ಒಂದು ಹನಿ ನೀರು ಬಿಟ್ಟು ನೋಡಬಹುದು. ಮೇಣದಂಥ ರಾಸಾಯನಿಕ ಗುಣ ಮತ್ತು ಸೂಕ್ಷ್ಮ ಉಬ್ಬುಗಳ ರಚನೆ ಎರಡೂ ಸೇರಿ ಹನಿಯನ್ನು ಉರುಳಿಸುತ್ತವೆ ಎಂಬುದನ್ನು ಜರ್ಮನಿಯ ಬಾರ್ಟ್‌ಲೋಟ್ ಮತ್ತು ನೈನ್‌ಹುಯಿಸ್ 1997ರಲ್ಲಿ ವಿಸ್ತಾರವಾಗಿ ತೋರಿಸಿದರು. ಲೇಸರ್ ಕೊಡುವುದು ರಚನೆಯನ್ನು ಮಾತ್ರ; ಗೊಂದಲವೆಲ್ಲ ಹುಟ್ಟುವುದು ಇಲ್ಲೇ.

ಆಗತಾನೇ ಲೇಸರ್ ಹೊಡೆದ ಸ್ಟೀಲಿನ ಮೈ ಆಕ್ಸೈಡಿನಿಂದ ಕೂಡಿದ್ದು ನೀರನ್ನು ಪ್ರೀತಿಸುತ್ತದೆ. ಒರಟಾದ ಮೈ ತನ್ನ ಸ್ವಭಾವವನ್ನು ಇಮ್ಮಡಿಸುತ್ತದೆಯಾದ್ದರಿಂದ ಹನಿಯು ಕಾಗದಕ್ಕೆ ಬಿದ್ದ ಎಣ್ಣೆಯಂತೆ ಹರಡಿಬಿಡುತ್ತದೆ. ನಾನು ಒಂದು ಶುಕ್ರವಾರ ಅಂಗೈಯಗಲದ 304 ಸ್ಟೇನ್‌ಲೆಸ್ ಸ್ಟೀಲ್ ತಗಡಿಗೆ 50 ಮೈಕ್ರಾನ್ ಅಂತರದ ಅಡ್ಡ-ಉದ್ದ ಗೆರೆಗಳನ್ನು ಹೊಡೆದು ನೀರು ಹಾಕಿದಾಗ ಹಾಗೆಯೇ ಆಯಿತು. ಜೊತೆಗಿದ್ದ ಆಪರೇಟರ್ ಕೆಲಸ ಕೆಟ್ಟಿತೆಂದೇ ತಿಳಿದು ತಗಡನ್ನು ಗುಜರಿಗೆ ಹಾಕಲು ಹೊರಟಿದ್ದ. ಎರಡೂವರೆ ವಾರ ಕಪಾಟಿನಲ್ಲಿ ಬಿದ್ದಿದ್ದ ಅದೇ ತಗಡನ್ನು ತೆಗೆದು ಹನಿ ಬಿಟ್ಟಾಗ, ಅದು ಗೋಲಿಯಾಗಿ ನಿಂತು, ತಗಡು ಓರೆ ಮಾಡಿದೊಡನೆ ಉರುಳಿ ಹೋಯಿತು. ಗಾಳಿಯಲ್ಲಿರುವ ಸಾವಯವ ಅಂಶಗಳು ನಿಧಾನವಾಗಿ ಮೈಗೆ ಅಂಟಿ ಅದರ ರಸಾಯನವನ್ನು ಬದಲಿಸಿದ್ದವು. ಒಲೆಯಲ್ಲಿ ಹದವಾಗಿ ಕಾಯಿಸಿ ಅಥವಾ ನೀರನ್ನು ದೂರವಿಡುವ ಸಿಲೇನ್ ಬಗೆಯ ದ್ರಾವಣದಲ್ಲಿ ಅದ್ದಿ ಇದನ್ನು ತ್ವರಿತಗೊಳಿಸಬಹುದು. ಹನಿಯು ಮೇಲ್ಮೈಯೊಡನೆ ಮಾಡುವ ಕೋನ 150 ಡಿಗ್ರಿ ಮೀರಿದರೆ ಅತಿಜಲವಿಕರ್ಷಕ ಎನ್ನುತ್ತಾರೆ, ಆದರೆ ಕೋನವೊಂದೇ ಸಾಲದು. ಎಷ್ಟು ಓರೆ ಮಾಡಿದಾಗ ಹನಿ ಉರುಳುತ್ತದೆ ಎಂಬುದನ್ನೂ ಕೇಳಬೇಕು, ಏಕೆಂದರೆ ಗೋಲಿಯಾಗಿ ನಿಂತೂ ತಲೆಕೆಳಗು ಮಾಡಿದರೂ ಬೀಳದ ಹನಿಗಳಿವೆ.

ಲೇಪನದೊಡನೆ ಹೋಲಿಸಿದರೆ? ಪಿಟಿಎಫ್‌ಇ (ಟೆಫ್ಲಾನ್) ಮೊದಲಾದ ಲೇಪನಗಳು ದೊಡ್ಡ ಮೈಗೆ ಅಗ್ಗ, ಆದರೆ ಕಿತ್ತು ಬರುತ್ತವೆ, ಸುಲಿಯುತ್ತವೆ. ಲೇಸರಿನ ರಚನೆ ಲೋಹದ್ದೇ ಆದ್ದರಿಂದ ಸುಲಿಯುವುದಿಲ್ಲ. ಅದರ ತುದಿಗಳು ಉಜ್ಜಾಟಕ್ಕೆ ಸವೆಯುತ್ತವೆ, ಸಾಬೂನು ಅಥವಾ ಎಣ್ಣೆ ತಗುಲಿದರೆ ಗುಣ ಮಾಯವಾಗುತ್ತದೆ. ಕೈ ಆಡುವ, ಒರೆಸಿ ತೊಳೆಯುವ ಜಾಗಕ್ಕೆ ನಾನು ಎರಡನ್ನೂ ಸೂಚಿಸಲಾರೆ. ಸಮಯದ ಲೆಕ್ಕವೂ ಗಮನಾರ್ಹ: 50 ಮೈಕ್ರಾನ್ ಅಂತರದ ಗೆರೆಗಳನ್ನು ಸೆಕೆಂಡಿಗೆ 200 ಮಿಲಿಮೀಟರಿನಂತೆ ಒಂದು ದಿಕ್ಕಿನಲ್ಲಿ ಎಳೆದರೆ ಚದರ ಸೆಂಟಿಮೀಟರಿಗೆ 10 ಸೆಕೆಂಡು, ಚದರ ಮೀಟರಿಗೆ 27 ಗಂಟೆಗೂ ಮಿಕ್ಕಿ. ವಿಮಾನದ ಮೈಗೆ ಶಾರ್ಕಿನ ಚರ್ಮದಂಥ ಗೆರೆಗಳನ್ನು ಕೊಡಲು ಲುಫ್ತಾನ್ಸಾ ಟೆಕ್ನಿಕ್ ಮತ್ತು ಬಿಎಎಸ್‌ಎಫ್ ಕಂಪನಿಗಳು ಸುಮಾರು 50 ಮೈಕ್ರಾನ್ ಗಾತ್ರದ ಏಣುಗಳಿರುವ ಅಂಟುಹಾಳೆಯ ದಾರಿ ಹಿಡಿದದ್ದು ಸುಮ್ಮನೆ ಅಲ್ಲ.

ಸ್ಟೇನ್‌ಲೆಸ್ ಎಂಬ ಹೆಸರನ್ನು ನೆಚ್ಚಿ ಕೂರುವವರಿಗೆ ಒಂದು ಮಾತು. ಲೇಸರಿನ ಶಾಖದಿಂದ ಮೈಯ ಕ್ರೋಮಿಯಂ ರಕ್ಷಾಪದರ ಕೆಡುತ್ತದೆ, ಕಪ್ಪು ಗುರುತು ಮಾಡಿದ ಜಾಗವೇ ಮೊದಲು ತುಕ್ಕು ಹಿಡಿಯುತ್ತದೆ. ಗೋವಾದ ಕಡಲಗಾಳಿಗೆ ಹೋಗುವ ಮಾಲಾದರೆ, ಸಿಟ್ರಿಕ್ ಅಥವಾ ನೈಟ್ರಿಕ್ ಆಮ್ಲದ ಪ್ಯಾಸಿವೇಶನ್ (ರಕ್ಷಾಪದರವನ್ನು ಮತ್ತೆ ಕಟ್ಟುವುದು) ಮಾಡಿಸಿ, ಉಪ್ಪುನೀರಿನ ಸಿಂಪಡಣೆಯ ಪರೀಕ್ಷೆ ದಾಟಿದ ಮೇಲೆಯೇ ಕಳುಹಿಸಬೇಕು.

ಪ್ಲಾಸ್ಟಿಕ್ ಅಚ್ಚುಗಳು

ವಾಹನಗಳ ಒಳಾಂಗಣದ ಚರ್ಮದಂಥ ಗೀರು, ಸ್ವಿಚ್ಚುಗಳ ಮಂಕು ಮೈ ಇವೆಲ್ಲ ಅಚ್ಚಿನ ಉಕ್ಕಿನಿಂದಲೇ ಬರಬೇಕು. ಇಲ್ಲಿ ಮೂರು ದಾರಿಗಳು. ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಇರೋಷನ್ ಯಂತ್ರ ಇದ್ದವರಿಗೆ ಅದೇ ಯಂತ್ರದಲ್ಲಿ, ಒರಟುತನದ ಜರ್ಮನ್ ಮಾನದಂಡವಾದ ವಿಡಿಐ 3400ರ 12ರಿಂದ 45ರವರೆಗಿನ ಮೈ ಸಿಗುತ್ತದೆ. ಆರ್‌ಎಯಲ್ಲಿ ಹೇಳುವುದಾದರೆ 0.4ರಿಂದ 18 ಮೈಕ್ರಾನ್. ಬರೀ ಮಂಕು ಸಾಕೆಂದರೆ ಇಲ್ಲಿಗೇ ನಿಲ್ಲಿ. ಎಚಿಂಗಿನಲ್ಲಿ ವಿನ್ಯಾಸದ ಫಿಲ್ಮನ್ನು ಅಚ್ಚಿಗೆ ಹಚ್ಚಿ ಉಳಿದ ಜಾಗವನ್ನು ಆಮ್ಲಕ್ಕೆ ಒಡ್ಡುತ್ತಾರೆ. ದೊಡ್ಡ ಡ್ಯಾಶ್‌ಬೋರ್ಡಿನ ಅಚ್ಚಿಗೆ ಇಂದಿಗೂ ಇದೇ ವೇಗದ್ದು. ಆದರೆ ವೆಲ್ಡಿಂಗ್ ಮಾಡಿ ಸರಿಪಡಿಸಿದ ಜಾಗ ಆಮ್ಲದಲ್ಲಿ ಬೇರೆಯೇ ಆಗಿ ತಿನ್ನಲ್ಪಟ್ಟು ಮಚ್ಚೆಯಂತೆ ಎದ್ದು ಕಾಣುತ್ತದೆ, ವಕ್ರ ಮೈಯಲ್ಲಿ ಫಿಲ್ಮಿನ ಜೋಡಣೆ ಕೈಚಳಕವನ್ನೇ ಅವಲಂಬಿಸುತ್ತದೆ, ಆಮ್ಲದ ತ್ಯಾಜ್ಯಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯೂ ಬೇಕು. ಐದು ಅಕ್ಷಗಳ ಲೇಸರ್ ಯಂತ್ರ ಕಂಪ್ಯೂಟರಿನ ಕಡತದಿಂದ ನೇರವಾಗಿ, ಪದರಪದರವಾಗಿ ಕೊರೆಯುವುದರಿಂದ ಎಡ-ಬಲ ಬಾಗಿಲಿನ ಅಚ್ಚುಗಳು, ಎರಡು ವರ್ಷದ ನಂತರ ಮಾಡುವ ಬದಲಿ ಅಚ್ಚು, ಎಲ್ಲವೂ ಒಂದೇ ಥರ ಬರುತ್ತವೆ. ಅದರ ಕೊರತೆ ನಿಧಾನ.

ಮೂರಕ್ಕೂ ಸಮಾನವಾದ ಒಂದು ನಿಯಮವನ್ನು ಡಿಸೈನ್ ಹಂತದಲ್ಲೇ ಪಾಲಿಸಬೇಕು: ಟೆಕ್ಸ್ಚರಿನ ಪ್ರತಿ 0.025 ಮಿಲಿಮೀಟರ್ ಆಳಕ್ಕೆ 1ರಿಂದ 1.5 ಡಿಗ್ರಿ ಡ್ರಾಫ್ಟ್ (ಅಚ್ಚಿನ ಗೋಡೆಯ ಓರೆ) ಹೆಚ್ಚಿಗೆ ಕೊಡದಿದ್ದರೆ ಭಾಗವು ಅಚ್ಚಿನಿಂದ ಹೊರಬರುವಾಗ ಗೀಚಿಕೊಳ್ಳುತ್ತದೆ.

ಅಂಟು ಮತ್ತು ಇಂಪ್ಲಾಂಟ್

ಅಂಟು ಹಚ್ಚುವ ಮೈಗೆ ಬ್ಲಾಸ್ಟಿಂಗ್ ಒರಟುತನ ಕೊಟ್ಟರೂ ಮರಳಿನ ಕಣಗಳನ್ನು ಒಳಗೆ ಬಿಟ್ಟುಹೋಗುತ್ತದೆ, ತೆಳು ತಗಡನ್ನು ಬಾಗಿಸುತ್ತದೆ. ಲೇಸರ್ ಎಣ್ಣೆಯನ್ನೂ ಹಳೆಯ ಆಕ್ಸೈಡನ್ನೂ ತೆಗೆದು, ಬೇಕಾದ ಪಟ್ಟಿಯಷ್ಟನ್ನೇ ಸಿದ್ಧಗೊಳಿಸುತ್ತದೆ. ಇಲ್ಲಿ ಕಾಯುವುದು ಅಪಾಯ. ತಗಡಿನ ಪ್ರಯೋಗದಲ್ಲಿ ಕಂಡ ಅದೇ ಬದಲಾವಣೆ ಇಲ್ಲಿ ಅಂಟಿಗೆ ಶತ್ರುವಾಗುತ್ತದೆ, ಆದ್ದರಿಂದ ಲೇಸರ್ ಮುಗಿದ ದಿನವೇ ಅಂಟು ಹಚ್ಚಬೇಕು. ಟೈಟೇನಿಯಂ ದಂತ ಇಂಪ್ಲಾಂಟುಗಳಲ್ಲಿ ಬ್ಲಾಸ್ಟಿಂಗ್ ಮಾಡಿ ಆಮ್ಲದಲ್ಲಿ ತಿನ್ನಿಸಿದ, 1ರಿಂದ 2 ಮೈಕ್ರಾನ್ ಒರಟುತನದ ಮೈ ಬಹುಕಾಲದಿಂದ ಸಾಬೀತಾದದ್ದು. ಲೇಸರಿನ ಸೂಕ್ಷ್ಮ ಗೆರೆಗಳು ಇಂಪ್ಲಾಂಟಿನ ಕುತ್ತಿಗೆಯ ಭಾಗದಲ್ಲಿ ಬಳಕೆಯಾಗುತ್ತಿವೆ. ಮತ್ತೆಮತ್ತೆ ಬೀಳುವ, ಲೋಹವನ್ನು ದಣಿಸುವ ಭಾರ ಹೊರುವ ಭಾಗಗಳಲ್ಲಿ ಮಾತ್ರ ಎಚ್ಚರ ಬೇಕು, ಏಕೆಂದರೆ ಶಾಖದ ಗುಳಿಗಳು ಬಿರುಕು ಆರಂಭವಾಗುವ ತಾಣಗಳಾಗಬಹುದು. ಲೇಸರ್ ಪೀನಿಂಗ್ ಎಂಬುದು ಬೇರೆಯೇ ವಿಧಾನ, ಅದು ಮೈಯನ್ನು ಒಳಗೊತ್ತಿ ಬಲಪಡಿಸುತ್ತದೆ. ಹೆಸರು ಹತ್ತಿರವಿದೆಯೆಂದು ಎರಡನ್ನೂ ಬೆರೆಸಬಾರದು.

ಕೊಳ್ಳುವುದೋ, ಜಾಬ್ ವರ್ಕೋ

ತಿಂಗಳಿಗೆ ನಾಲ್ಕಾರು ದಿನದ ಕೆಲಸವಷ್ಟೇ ಇದ್ದರೆ ಹೊರಗಿನವರಿಗೆ ಜಾಬ್ ವರ್ಕ್ ಕೊಡಿ. ಆಗ ಆರ್ಡರಿನ ಮೇಲೆ “ಲೇಸರ್ ಟೆಕ್ಸ್ಚರ್” ಎಂದು ಬರೆದು ಬಿಡದೆ, ಗುಳಿಯ ವ್ಯಾಸ, ಆಳ, ಅಂತರ, ದಂಡೆಯ ಗರಿಷ್ಠ ಎತ್ತರ, ಅನಂತರದ ಲ್ಯಾಪಿಂಗ್ ಇವನ್ನು ಡ್ರಾಯಿಂಗಿನಲ್ಲೇ ಕಾಣಿಸಿ. ಆರ್‌ಎ ಒಂದನ್ನೇ ಬರೆದರೆ ಸಾಲದು. ಗುಳಿಯಿರುವ ಮೈಗೂ ದಂಡೆಯಿರುವ ಮೈಗೂ ಒಂದೇ ಆರ್‌ಎ ಬರಬಹುದು. ಶಿಖರ ಮತ್ತು ಕಣಿವೆಗಳನ್ನು ಬೇರೆಬೇರೆಯಾಗಿ ಹೇಳುವ ಆರ್‌ಪಿಕೆ, ಆರ್‌ವಿಕೆ ಅಳತೆಗಳನ್ನು ಕೇಳಿ. ಮಾದರಿಯನ್ನು ನಿಮ್ಮದೇ ಲೋಹದ ಮೇಲೆ, ನಿಮ್ಮದೇ ಗಡಸುತನದಲ್ಲಿ ಮಾಡಿಸಿ, ಅದರ ಹಿಂಬದಿಗೆ ತಾರೀಖು ಬರೆದು, ಮೊದಲ ದಿನ ಒಮ್ಮೆ, ಹದಿನೈದನೆಯ ದಿನ ಮತ್ತೊಮ್ಮೆ ಪರೀಕ್ಷಿಸಿ.

ಯಂತ್ರವನ್ನೇ ಕೊಳ್ಳುವುದಾದರೆ ಬೆಲೆಪಟ್ಟಿಯಲ್ಲಿ ಮುಚ್ಚಿದ ಕೋಣೆ, ಬಾಗಿಲು ತೆರೆದರೆ ಕಿರಣ ನಿಲ್ಲುವ ಇಂಟರ್‌ಲಾಕ್, ಹೊಗೆ ಎಳೆಯುವ ಯಂತ್ರ ಮತ್ತು ಅದೇ ತರಂಗಾಂತರದ ಕನ್ನಡಕ ಇವೆಯೇ ನೋಡಿ. ಇವೆಲ್ಲ 4ನೆಯ, ಎಂದರೆ ಅತಿ ಅಪಾಯದ, ವರ್ಗದ ಲೇಸರುಗಳು. ಅವಕೆಂಪು ಕಿರಣ ಕಣ್ಣಿಗೆ ಕಾಣುವುದಿಲ್ಲ, ಹೊಳೆಯುವ ಜಾಬಿನಿಂದ ಚಿಮ್ಮಿದ ಪ್ರತಿಫಲನವೂ ಕಣ್ಣಿನ ಪರದೆಯನ್ನು ಸುಡಬಲ್ಲದು. ಸ್ಟೇನ್‌ಲೆಸ್ ಸ್ಟೀಲಿನ ಹೊಗೆಯಲ್ಲಿ ಕ್ರೋಮಿಯಂ ಇರುತ್ತದೆ, ಫ್ಯಾನ್ ಹಾಕಿ ಕಿಟಕಿ ತೆರೆದರೆ ಆಗುವ ಕೆಲಸವಲ್ಲ ಅದು.

ಜಮಖಂಡಿಯವರು ಸ್ಲೀವಿಗೆ ಮೊದಲಿನಂತೆ ಗ್ರೈಂಡಿಂಗ್ ಮಾಡಿಸಿದರು. ಅದೇ ಪಂಪಿನಲ್ಲಿ ಸವೆಯುತ್ತಿದ್ದ ಥ್ರಸ್ಟ್ ವಾಷರಿನ ಮುಖಕ್ಕೆ ಮಾತ್ರ, ಅದೇ ಹಳೆಯ ಮಾರ್ಕಿಂಗ್ ಯಂತ್ರದಲ್ಲಿ, 8 ಮೈಕ್ರಾನ್ ಆಳ ಕೊರೆಸಿ 2 ಮೈಕ್ರಾನ್ ಲ್ಯಾಪಿಂಗ್ ಮಾಡಿಸಿದೆವು. ವಾಷರ್ ಕೈಗೆ ಬಂದಾಗ ಅವರು ಮೊದಲು ಮಾಡಿದ್ದು ಉಗುರಿನಿಂದ ಗೀರಿ ನೋಡಿದ್ದು.